ಕಂದು ಅನಿಲ ನುಂಗಿದ ಸಿರಿಂಜು

ನಾನು ಒಂದು ಸಿರಿಂಜು. ಇಷ್ಟು ಹೇಳಿದ ಕೂಡಲೇ ನೀವು ಔಷಧಿ ಅಂಗಡಿಯಲ್ಲಿ ಸಿಗುವ, ಕಿರುಬೆರಳಿನಷ್ಟು ದಪ್ಪದ, ಒಮ್ಮೆ ಚುಚ್ಚಿ ಬುಟ್ಟಿಗೆ ಎಸೆಯುವ ಪ್ಲಾಸ್ಟಿಕ್ ಬಡಪಾಯಿಯನ್ನು ನೆನೆಸಿಕೊಂಡಿರುತ್ತೀರಿ. ದಯವಿಟ್ಟು ಅದನ್ನು ಮರೆತುಬಿಡಿ. ನಾನು ಅಪ್ಪಟ ಗಾಜಿನ, ಎಮ್ಮೆಗೆ ಚುಚ್ಚುವ, ಮೊಳದುದ್ದದ ಸಿರಿಂಜು. ನನ್ನನ್ನು ಎತ್ತಿ ಹಿಡಿಯಬೇಕಾದರೆ ಮನುಷ್ಯನಿಗೆ ಎರಡು ಕೈ ಬೇಕು, ಸ್ವಲ್ಪ ಧೈರ್ಯವೂ ಬೇಕು.

ನಾನು ಹುಟ್ಟಿದ ದಿನ ಕುಲುಮೆಯ ಬೆಂಕಿಯೇ ಬೆವರಿತು ಎಂದು ಹೇಳುತ್ತಾರೆ. ಹೇಳುವವರು ಯಾರೆಂದು ಕೇಳಬೇಡಿ. ಕೆಂಡದಂಥ ಗಾಜಿನಿಂದ ನನ್ನ ಕೊಳವೆಯನ್ನು ಎಳೆದರು, ಅದರೊಳಗೆ ಓಡಾಡಲು ಒಂದು ಗಾಜಿನ ದಂಡವನ್ನು ಮಾಡಿದರು, ಆಮೇಲೆ ಇಬ್ಬರನ್ನೂ ಒಬ್ಬರ ಮೈಗೆ ಒಬ್ಬರನ್ನು ಉಜ್ಜಿದರು. ಎಷ್ಟು ಉಜ್ಜಿದರೆಂದರೆ ನಮ್ಮಿಬ್ಬರ ನಡುವೆ ಗಾಳಿಯೂ ಅಪ್ಪಣೆ ಕೇಳಿ ನುಸುಳಬೇಕು. ಉಜ್ಜಿಸಿಕೊಂಡ ದಂಡದ ಮೈ ಹಾಲಿನ ಹಾಗೆ ಬೆಳ್ಳಗಾಯಿತು. ನಮ್ಮಿಬ್ಬರ ಮೇಲೂ ಒಂದೇ ಸಂಖ್ಯೆ ಕೊರೆದರು. ಬೇರೆ ಸಿರಿಂಜಿನ ದಂಡ ನನಗೆ ಹೊಂದುವುದಿಲ್ಲ, ನನ್ನ ದಂಡ ಬೇರೆಯವರಿಗೆ ಆಗುವುದಿಲ್ಲ. ಇಷ್ಟು ಗಟ್ಟಿಯಾದ ಸಂಬಂಧವನ್ನು ನಾನು ಮನುಷ್ಯರಲ್ಲಿಯೂ ಕಂಡಿಲ್ಲ. ನನ್ನ ಮೂತಿ ಮಾತ್ರ ನಟ್ಟನಡುವೆ ಇಲ್ಲ, ಒಂದು ಅಂಚಿಗಿದೆ. ಇದನ್ನು ಊನ ಎಂದುಕೊಳ್ಳಬೇಡಿ. ಮುಂದೆ ಒಬ್ಬ ಮನುಷ್ಯ ಅದೇ ಖಾಲಿ ಜಾಗದಿಂದ ನನ್ನ ಹೊಟ್ಟೆಯೊಳಗೆ ಇಣುಕಿ ದೊಡ್ಡ ರಾದ್ಧಾಂತ ಎಬ್ಬಿಸಲಿದ್ದಾನೆ.

ನನ್ನ ಮೊದಲ ಯಜಮಾನ ಕಮತಿಹಾಳದ ದನದ ದವಾಖಾನೆಯ ಡಾಕ್ಟರ್ ಈರಣ್ಣ. ದಿನಾ ಬೆಳಿಗ್ಗೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನನ್ನನ್ನು ಕುದಿಸುತ್ತಿದ್ದ. ಅದು ನನ್ನ ಸ್ನಾನ. ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದ. ಸ್ಕೂಟರಿನ ಸದ್ದು ಕೇಳಿದರೆ ಸಾಕು, ಮೂರು ಊರಿನ ಎಮ್ಮೆಗಳು ಕೃಷ್ಣಾ ನದಿ ಈಜಿ ಆಚೆ ದಡ ಸೇರುತ್ತಿದ್ದವು. ಒಮ್ಮೆ ಒಂದು ಜಾಫರಾಬಾದಿ ಎಮ್ಮೆ ನಾನಿನ್ನೂ ಅದರ ತೊಡೆಯಲ್ಲಿ ನೆಟ್ಟಿರುವಾಗಲೇ ಹಗ್ಗ ಕಿತ್ತಿತು. ನನ್ನನ್ನು ಬಾವುಟದಂತೆ ಹೊತ್ತುಕೊಂಡು ಸಂತೆಯನ್ನು ಸೀಳಿ, ನೇರ ತಹಸೀಲ್ದಾರರ ಕಚೇರಿಗೆ ನುಗ್ಗಿತು. ಬೆಳಗಿನಿಂದ ಕದಲದೆ ನಿಂತಿದ್ದ ಅರ್ಜಿದಾರರ ಸಾಲು ಕಣ್ಣುಮುಚ್ಚಿ ತೆಗೆಯುವುದರೊಳಗೆ ಕರಗಿಹೋಯಿತು. ಆ ಕಚೇರಿಯಲ್ಲಿ ಅಷ್ಟು ಬೇಗ ಯಾವ ಕೆಲಸವೂ ಅದಕ್ಕೆ ಮೊದಲು ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ. ನನಗೆ ಒಂದು ಗೀರು ಸಹ ಬಿದ್ದಿರಲಿಲ್ಲ.

ಇಂಥ ನನ್ನನ್ನು ಸೋಲಿಸಿದ್ದು ಎಮ್ಮೆಯಲ್ಲ, ಪ್ಲಾಸ್ಟಿಕ್. ಪೊಟ್ಟಣ ಹರಿ, ಚುಚ್ಚು, ಎಸೆ. ಕುದಿಸುವ ಕೆಲಸವಿಲ್ಲ, ಒರೆಸುವ ಕೆಲಸವಿಲ್ಲ. ನಾನು ಈರಣ್ಣನ ಮನೆಯ ಗೂಡಿನಲ್ಲಿ ಹಳೆಯ ಟಾರ್ಚಿನ ಪಕ್ಕ ಮಲಗಿದೆ. ಅವನು ನಿವೃತ್ತನಾದ ವರ್ಷ ಅವನ ಅಕ್ಕನ ಮಗಳು ನೀಲಾಂಬಿಕೆ ಮನೆಗೆ ಬಂದಳು. ಊರಿನ ಡಿಗ್ರಿ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಅತಿಥಿ ಉಪನ್ಯಾಸಕಿ. ಅತಿಥಿ ಅಂತ ಹೆಸರು ಮಾತ್ರ, ಊಟದ ಡಬ್ಬಿಯನ್ನು ಅವಳೇ ಮನೆಯಿಂದ ಒಯ್ಯಬೇಕು. ವರ್ಷ ವರ್ಷವೂ ಇಲಾಖೆಯ ಮುಖ್ಯಸ್ಥರು ಶಿಫಾರಸು ಬರೆದರೆ ಕೆಲಸ, ಇಲ್ಲದಿದ್ದರೆ ಮನೆ.

"ಮಾಮಾ, ನಮ್ಮ ಲ್ಯಾಬಿನ್ಯಾಗ ಗ್ಯಾಸ್ ಒತ್ತಿ ತೋರಸಾಕ ಒಂದು ಸಿರಿಂಜು ಸೈತ ಇಲ್ಲ" ಎಂದಳು.

"ಗೂಡಿನ್ಯಾಗ ಐತಿ, ತಗೊಂಡು ಹೋಗವಾ ನೀಲವ್ವ. ಇನ್ನ ಅದಕ ಎಮ್ಮಿ ಸಿಗೂದಿಲ್ಲ, ಎಮ್ಮಿಗೆ ಅದು ಬೇಕಾಗಿಲ್ಲ."

"ಎಷ್ಟು ದೊಡ್ಡದು ಮಾಮಾ ಇದು. ಹುಡುಗ್ರು ಕ್ಲಾಸ್ ಬಿಟ್ಟು ಓಡ್ತಾರ."

"ಓಡಿದ್ರ ಹಿಂದ ಓಡಿ ಹಿಡಿಬೇಕವಾ. ನಾ ಮೂವತ್ತು ವರ್ಷ ಅದನ್ನ ಮಾಡೇನಿ."

ಹೀಗೆ ನಾನು ಉನ್ನತ ಶಿಕ್ಷಣ ಕ್ಷೇತ್ರಕ್ಕೆ ಕಾಲಿಟ್ಟೆ.

ಕಾಲೇಜಿನಲ್ಲಿ ನೀಲಾಂಬಿಕೆ ನನ್ನನ್ನು ತೊಳೆದು, ಬಿಸಿಲಿಗೆ ಹಿಡಿದು, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿದಳು. ಸುಟ್ಟುಹೋದ ಫ್ಯಾನಿನ ತಾಮ್ರದ ತಂತಿಯನ್ನು, ವಿಷದ ಹೊಗೆಯನ್ನು ಹೊರಗೆ ಎಳೆದುಹಾಕುವ ಹೊಗೆ ಪೆಟ್ಟಿಗೆಯೊಳಗಿಟ್ಟು, ಅದರ ಮೇಲೆ ಗಟ್ಟಿ ನೈಟ್ರಿಕ್ ಆಮ್ಲ ಬಿಟ್ಟಳು. ಬುಸ್ಸೆಂದು ಕಂದು ಹೊಗೆ ಎದ್ದಿತು. ಅದರ ವಾಸನೆ ಕುಡಿದವರು ಬದುಕುವುದು ಕಷ್ಟ, ಅದಕ್ಕೇ ಪೆಟ್ಟಿಗೆ, ಅದಕ್ಕೇ ಅವಳ ಮೂಗಿಗೆ ಬಟ್ಟೆ. ನಾನು ಮಾತ್ರ ಅದನ್ನು ಅರ್ಧ ಹೊಟ್ಟೆ ಎಳೆದುಕೊಂಡೆ. ಮೂತಿಗೆ ರಬ್ಬರ್ ಟೋಪಿ ಹಾಕಿ, ದಾರ ಸುತ್ತಿ, ಮೇಣ ಬಳಿದಳು. ಇಷ್ಟು ದಿನ ಎಮ್ಮೆಯ ಔಷಧಿ ಹೊತ್ತಿದ್ದ ನಾನು ಈಗ ಕೋಟಿ ಕೋಟಿ ಜೀವ ತುಂಬಿದ ಒಂದು ಪಟ್ಟಣವೇ ಆದೆ.

ಆ ಪಟ್ಟಣದ ಸುದ್ದಿಯನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಅಲ್ಲಿ ಎರಡೇ ಬಗೆಯ ನಿವಾಸಿಗಳು. ಒಂಟಿಯಾಗಿ ಅಲೆಯುವವರು ನೈಟ್ರೋಜನ್ ಡೈಆಕ್ಸೈಡ್. ಅವರು ಕಂದು ಬಣ್ಣದವರು, ದೂರದಿಂದಲೇ ಕಾಣುತ್ತಾರೆ. ಇಬ್ಬರು ಒಂಟಿಗಳು ಕೈ ಹಿಡಿದು ಜೋಡಿಯಾದರೆ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಜೋಡಿಗಳಿಗೆ ಬಣ್ಣವೇ ಇಲ್ಲ. ಮದುವೆಯಾದ ಮೇಲೆ ಕಾಣೆಯಾಗುವ ಗೆಳೆಯರ ಹಾಗೆ. ಪ್ರತಿ ಕ್ಷಣವೂ ನನ್ನ ಹೊಟ್ಟೆಯಲ್ಲಿ ಒಂದಷ್ಟು ಮದುವೆ ನಡೆಯುತ್ತದೆ, ಅಷ್ಟೇ ಸಂಖ್ಯೆಯ ಸೋಡಚೀಟಿ, ಅಂದರೆ ವಿಚ್ಛೇದನವೂ ಆಗುತ್ತದೆ. ಎರಡೂ ಸರಿಸಮ ನಡೆಯುವುದರಿಂದ ಹೊರಗಿನವರಿಗೆ ಏನೂ ನಡೆಯದಂತೆ, ಬಣ್ಣ ನಿಂತಲ್ಲೇ ನಿಂತಂತೆ ಕಾಣುತ್ತದೆ. ಇದಕ್ಕೆ ವಿದ್ವಾಂಸರು ಸಮತೋಲನ ಎನ್ನುತ್ತಾರೆ. ನನ್ನನ್ನು ಕೇಳಿದರೆ ಗದ್ದಲ ಎನ್ನುತ್ತೇನೆ.

ಈ ಪಟ್ಟಣದ ಜನಕ್ಕೆ ಒಂದು ಹಟವಿದೆ. ಹೊರಗಿನಿಂದ ಏನನ್ನು ಅತಿಯಾಗಿ ಹೇರಿದರೂ ಅದನ್ನು ತುಸು ತಗ್ಗಿಸುವ ಕಡೆಗೆ ಹೊರಳುತ್ತಾರೆ. ಜೋಡಿ ಮುರಿಯಲು ಶಾಖ ಬೇಕು. ಹಾಗಾಗಿ ನನ್ನನ್ನು ಬಿಸಿನೀರಿನಲ್ಲಿ ಅದ್ದಿದರೆ ಜೋಡಿಗಳು ಆ ಶಾಖವನ್ನು ಉಂಡು ಮುರಿಯುತ್ತವೆ, ಒಂಟಿಗಳು ಹೆಚ್ಚುತ್ತಾರೆ, ನಾನು ಬೆಲ್ಲದ ಪಾಕದಂತೆ ಕಂದಾಗುತ್ತೇನೆ. ಮಂಜುಗಡ್ಡೆಯಲ್ಲಿಟ್ಟರೆ ಒಂಟಿಗಳು ಅಪ್ಪಿಕೊಂಡು ಕೂರುತ್ತಾರೆ, ಒಳಗಿನ ತುಸು ಬಿಸುಪನ್ನು ಹೊರಗೆ ಬಿಡುತ್ತಾರೆ, ನಾನು ನಿಂಬೆ ಶರಬತ್ತಿನಂತೆ ತಿಳಿಯಾಗುತ್ತೇನೆ. ಇದನ್ನು ನೋಡಲು ಬಿ.ಎಸ್‌ಸಿ. ಮಕ್ಕಳಷ್ಟೇ ಅಲ್ಲ, ಬಿ.ಎ. ಮಕ್ಕಳೂ ಕಿಟಕಿಗೆ ಜೋತುಬೀಳುತ್ತಿದ್ದರು. ಇಡೀ ವಿಶ್ವವಿದ್ಯಾಲಯವೇ ಜೋತುಬಿದ್ದಿತ್ತು ಎಂದರೂ ತಪ್ಪಿಲ್ಲ.

ಇಲಾಖೆಯ ಮುಖ್ಯಸ್ಥರು ಶಿವಯೋಗಪ್ಪ ಹಂಚಿನಾಳ ಸರ್. ಒಳ್ಳೆಯವರು. ಮಧ್ಯಾಹ್ನ ತಮ್ಮ ಡಬ್ಬಿಯ ಎಣ್ಣೆಗಾಯಿಯಲ್ಲಿ ಅರ್ಧ ನೀಲಾಂಬಿಕೆಗೆ ಕೊಡದೆ ರೊಟ್ಟಿ ಮುರಿಯುತ್ತಿರಲಿಲ್ಲ. ಆದರೆ ಅವರಿಗೆ ತಮ್ಮ ಕಣ್ಣಿಗಿಂತ, ಚರ್ಮಕ್ಕಿಂತ, ಅಚ್ಚಾದ ಮಾತಿನ ಮೇಲೆ ಮತ್ತು ಉಪಕರಣದ ಮೇಲೆ ಹೆಚ್ಚು ನಂಬಿಕೆ. ನನ್ನನ್ನು ಕಿಟಕಿಯ ಬಳಿ ತೂಗುಹಾಕಿಸಿದರು. ನಾನು ಗಾಢವಾದರೆ ಬೇಸಿಗೆ ಬಂತೆಂದು ಪ್ರಾಂಶುಪಾಲರಿಗೆ ಹೇಳಿ ಬೆಳಗಿನ ಕಾಲೇಜು ಮಾಡಿಸುತ್ತಿದ್ದರು. ಬೆಳಗಿನ ಕಾಲೇಜು ಎಂದರೆ ಮಧ್ಯಾಹ್ನದ ಪ್ರಾಕ್ಟಿಕಲ್ ಇಲ್ಲ. ಈ ಗುಟ್ಟು ಹುಡುಗರಿಗೆ ತಿಳಿಯದೆ ಇರುತ್ತದೆಯೇ?

ಪುಷ್ಯಮಾಸದ ಒಂದು ಮುಂಜಾನೆ ಕ್ಯಾಂಟೀನಿನ ಚಹಾದ ಕಿಟ್ಲಿಯನ್ನು ತಂದು ನನ್ನ ಕೆಳಗೆ ಇಟ್ಟುಬಿಟ್ಟರು. ನಾನು ಹೊಗೆ ಬಡಿದ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಹುಡುಗರು ಕಿಟ್ಲಿ ಮಾಯ ಮಾಡಿ ಓಡುವುದಕ್ಕೂ ಹಂಚಿನಾಳ ಸರ್ ಬರುವುದಕ್ಕೂ ಸರಿಹೋಯಿತು. ಅವರು ನನ್ನನ್ನು ನೋಡಿದರು. ತಾವು ತೊಟ್ಟಿದ್ದ ಸ್ವೆಟರನ್ನು ನೋಡಿಕೊಂಡರು. ಸ್ವೆಟರು ತಪ್ಪೆಂದು ತೀರ್ಮಾನಿಸಿ ಕಳಚಿ ಕುರ್ಚಿಗೆ ಹಾಕಿದರು.

"ಬ್ಯಾಸಗಿ ಈ ಸಲ ಲಗೂನ ಬಂತಲ್ಲೋ ಹುಸೇನಸಾಬ್" ಎಂದರು.

ಅಟೆಂಡರ್ ಹುಸೇನಸಾಬ್ ಕಿವಿಗೆ ಮಫ್ಲರ್ ಸುತ್ತಿಕೊಂಡು ಹಲ್ಲು ಕಡಿಯುತ್ತ ನಿಂತಿದ್ದ. "ಬಂದಿರಬೇಕ್ರಿ ಸರ. ನಮ್ಮನಿಗೆ ಇನ್ನಾ ಬಂದಿಲ್ಲ."

ಮರುದಿನದಿಂದ ನಡುಗುತ್ತ ನಡುಗುತ್ತ ಬೆಳಗಿನ ಕಾಲೇಜು. ಸೂರ್ಯ, ಪಂಚಾಂಗ, ಸರ್ಕಾರ, ಮೂರನ್ನೂ ಮೀರಿ ಒಂದು ಋತುವನ್ನೇ ತಂದ ಸಿರಿಂಜು ಭೂಮಿಯ ಮೇಲೆ ಇನ್ನೊಂದಿದ್ದರೆ ತೋರಿಸಿ.

ರಾದ್ಧಾಂತ ಶುರುವಾದದ್ದು ಒತ್ತುವ ಪ್ರಯೋಗದಿಂದ. ನನ್ನ ದಂಡವನ್ನು ಒತ್ತಿದರೆ ಪಟ್ಟಣದ ಜಾಗ ಅರ್ಧಕ್ಕೆ ಇಳಿಯುತ್ತದೆ. ಇಕ್ಕಟ್ಟು. ಇಬ್ಬರು ಒಂಟಿಗಳು ಇಬ್ಬರ ಜಾಗ ಹಿಡಿದರೆ ಒಂದು ಜೋಡಿ ಒಂದೇ ಜಾಗದಲ್ಲಿ ಹೊಂದಿಕೊಳ್ಳುತ್ತದೆ. ಆದ್ದರಿಂದ ಇಕ್ಕಟ್ಟು ತಗ್ಗಿಸಲು ಒಂಟಿಗಳು ಜೋಡಿಯಾಗುತ್ತಾರೆ. ಪುಸ್ತಕದಲ್ಲಿ ಒಂದೇ ಸಾಲು ಇದೆ: ಒತ್ತಡ ಹೆಚ್ಚಿಸಿದರೆ ಬಣ್ಣ ತಿಳಿಯಾಗುತ್ತದೆ.

ನೀಲಾಂಬಿಕೆ ತರಗತಿಯಲ್ಲಿ ನನ್ನನ್ನು ಅಡ್ಡಡ್ಡ ಹಿಡಿದು ನಿಲ್ಲುತ್ತಿದ್ದಳು. ಹಂಚಿನಾಳ ಸರ್‌ಗೆ ಮೊಣಕಾಲು ನೋವು. ಮುಂದಿನ ಸಾಲಿನ ಆಚೆ ತುದಿಯಲ್ಲಿ ಅವರ ಕುರ್ಚಿ, ಅದನ್ನು ಬಿಟ್ಟು ಕದಲುವುದಿಲ್ಲ. ಹಾಗಾಗಿ ನನ್ನ ಮೂತಿ ಪ್ರತಿ ಸಲವೂ ನೇರ ಅವರ ಮುಖಕ್ಕೆ ಗುರಿ. ದಂಡ ಒತ್ತುತ್ತಿದ್ದಂತೆ ಅವರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದವು. ಅದನ್ನು ಕಂಡದ್ದು ನಾನು, ಮತ್ತು ಹುಸೇನಸಾಬ್. ನನಗೆ ಆಶ್ಚರ್ಯವಾಗಲಿಲ್ಲ. ಜಾಫರಾಬಾದಿ ಎಮ್ಮೆಯೂ ಹಾಗೇ ಮಾಡುತ್ತಿತ್ತು. ಆಮೇಲೆ ಸರ್ ಕಣ್ಣು ತೆರೆದು ನನ್ನೊಳಗೆ ಇಣುಕುತ್ತಿದ್ದರು. ದಂಡದ ಬಿಳಿ ಮುಖದ ಮುಂದೆ ಅನಿಲ ಮೊದಲಿಗಿಂತ ತೆಳ್ಳಗೆ ಕಾಣುತ್ತಿತ್ತು.

"ತಿಳಿ ಆತು. ಬರ್ಕೊಳ್ರಿ" ಎನ್ನುತ್ತಿದ್ದರು.

ನೀಲಾಂಬಿಕೆ ಪಕ್ಕದಿಂದ ನೋಡುವವಳು. ಅವಳಿಗೆ ಕಂಡದ್ದೇ ಬೇರೆ. "ಸರ್, ಒತ್ತಿದ ಕೂಡ್ಲೇ ಮೊದಲು ಕಪ್ಪಗ ಆಗತೈತ್ರಿ. ಆಮ್ಯಾಲೆ ಸ್ವಲ್ಪ ತಿಳಿ ಆಗತೈತಿ. ಆದ್ರ ಒತ್ತೂಕಿಂತ ಮೊದಲು ಇದ್ದಷ್ಟು ತಿಳಿ ಆಗೂದಿಲ್ಲ."

"ಬುಕ್ಕಿನ್ಯಾಗ ಕಪ್ಪು ಅಂತ ಎಲ್ಲೈತ್ರಿ ಮೇಡಮ್?"

"ಬುಕ್ಕಿನ್ಯಾಗ ಇಲ್ರಿ. ಸಿರಿಂಜಿನ್ಯಾಗ ಐತಿ."

ತರಗತಿ ಕಿಸಕ್ಕೆಂದಿತು. ಅದೇ ತಪ್ಪಾಯಿತು. ಅಂದು ಎಣ್ಣೆಗಾಯಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು, ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ನೋಡದೆ ಉಂಡರು. ನನ್ನ ಹೊಟ್ಟೆಯಲ್ಲಿ ಎಷ್ಟು ಜೋಡಿ ಮುರಿದರೂ ಕಂಗೆಡದ ನಾನು ಆ ಊಟ ನೋಡಿ ಸ್ವಲ್ಪ ಮಂಕಾದೆ.

ಏಪ್ರಿಲ್ಲಿನಲ್ಲಿ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುವುದೆಂದಾಯಿತು. ಹಂಚಿನಾಳ ಸರ್ ನೀಲಾಂಬಿಕೆಯನ್ನು ಕರೆದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಸಮಿತಿ ಮುಂದ ಪ್ರಯೋಗ ನೀವ ತೋರಸ್ರಿ. ಒತ್ರಿ, ತಿಳಿ ಆತು ಅನ್ರಿ, ಮುಗಸ್ರಿ. ಕಪ್ಪು ಗಿಪ್ಪು ಅಂತ ಹೊಸಾ ಶಾಸ್ತ್ರ ತಗದು ಇಲಾಖೆ ಮರ್ಯಾದಿ ಕಳದ್ರ, ಮುಂದಿನ ವರ್ಷ ನಿಮ್ಮ ಹೆಸರು ನಾ ಬರಿಯೂದಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವಳು ಲ್ಯಾಬಿಗೆ ಬಂದು ನನ್ನನ್ನು ಒರೆಸತೊಡಗಿದಳು. ಆಗಲೇ ಸ್ವಚ್ಛವಾಗಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಒಂಬತ್ತು ವರ್ಷದಿಂದ ಅತಿಥಿ. ಈ ಕಾಲೇಜು ಬಿಟ್ಟರೆ ಆ ತಾಲ್ಲೂಕಿನಲ್ಲಿ ರಸಾಯನಶಾಸ್ತ್ರ ಕೇಳುವವರು ಕ್ರಿಮಿನಾಶಕದ ಅಂಗಡಿಯವರು ಮಾತ್ರ.

ಹುಸೇನಸಾಬ್ ಬಾಗಿಲಲ್ಲಿ ನಿಂತು ಕೆಮ್ಮಿದ. "ಮೇಡಮ್ಮಾರ, ಸರ ಕಣ್ಣ ತೆರಿಯೂದಿಲ್ರಿ."

"ಅಂದ್ರ?"

"ನೀವು ಒತ್ತಾಗ ಸರ ಕಣ್ಣ ಮುಚ್ತಾರ. ಸಣ್ಣವರಿದ್ದಾಗ ಹುಚ್ಚನಾಯಿ ಕಡದಿತ್ತಂತ. ಹೊಟ್ಟಿಗೆ ಸಾಲಾಗಿ ಸೂಜಿ. ಈಗೂ ಜ್ವರ ಬಂದ್ರ ಗುಳಿಗಿನ ಕೇಳ್ತಾರ, ಡಾಕ್ಟರು ಸಿರಿಂಜು ತಗದ್ರ ಚಪ್ಲಿ ಬಿಟ್ಟ ಹೋಗ್ತಾರ."

ನೀಲಾಂಬಿಕೆಯ ಕೈ ನಿಂತಿತು. ಅವಳ ಮುಖದಲ್ಲಿ ಬೆಳಕು ಬಂತು. ಸರಿ, ಮೊದಲು ಕಪ್ಪಾಗುವುದನ್ನು ಅವರು ನೋಡಿಯೇ ಇಲ್ಲ. ಕಣ್ಣು ತೆರೆದು ನೋಡಿದರೆ ಜಗಳ ಮುಗಿಯಿತು. ನನಗಂತೂ ಎದೆಯುಬ್ಬಿತು. ಒಂದು ಇಲಾಖೆಯನ್ನು ಎರಡು ಹೋಳು ಮಾಡಿದ್ದು, ಒಂದು ವೈಜ್ಞಾನಿಕ ಸತ್ಯವನ್ನು ವರ್ಷಗಟ್ಟಲೆ ಮರೆಮಾಡಿದ್ದು ಬರೀ ನನ್ನ ಮೇಲಿನ ಭಯ. ಬೇರೆ ಯಾವ ಗಾಜಿಗೆ ಈ ಪ್ರತಾಪವಿದೆ?

ಸಮಿತಿ ಬಂದ ದಿನ ಬಿಸಿಲು ಹೇಗಿತ್ತೆಂದರೆ ಕಾಲೇಜಿನ ಮುಂದಿನ ಗಂಟೆ ಬಾರಿಸದೆಯೇ ಬೆವರು ಸುರಿಸುತ್ತಿತ್ತು. ನಾನು ಕಾಫಿ ಕಷಾಯದಷ್ಟು ಗಾಢವಾಗಿದ್ದೆ. ಸಮಿತಿಯ ಅಧ್ಯಕ್ಷೆ ಡಾ. ಇಂದುಮತಿ ಗಲಗಲಿ, ದಪ್ಪ ಕನ್ನಡಕ, ನೀಟಾದ ಇಳಕಲ್ ಸೀರೆ, ಯಾರ ಮಾತನ್ನೂ ಅರ್ಧದಲ್ಲಿ ನಂಬದ ಹೆಂಗಸು.

ಮೊದಲು ತಂಪಿನ ಪ್ರಯೋಗ. ಹುಸೇನಸಾಬ್ ಮಂಜುಗಡ್ಡೆ ತರಲು ಐಸ್ ಫ್ಯಾಕ್ಟರಿಗೆ ಹೋಗಿದ್ದ. ಗಡ್ಡೆಯೆಲ್ಲ ಮದುವೆ ಮನೆಯೊಂದಕ್ಕೆ ಹೋಗಿತ್ತಂತೆ. ಇವನು ಒಂದು ಬಕೆಟ್ ತುಂಬ ಕಿತ್ತಳೆ ಬಣ್ಣದ ಐಸ್ ಕ್ಯಾಂಡಿ ತಂದುಬಿಟ್ಟ.

"ಇದೇನೋ?" ಎಂದರು ಹಂಚಿನಾಳ ಸರ್, ಹಲ್ಲಿನ ಸಂದಿಯಿಂದ.

"ಥಂಡಿ ಥಂಡಿನ ಅಲ್ರಿ ಸರ. ಕಡ್ಡಿ ಬ್ಯಾರೆ ಐತಿ, ಹಿಡಿಯಾಕ ಸಲೀಸು."

ಕ್ಯಾಂಡಿಗಳ ನಡುವೆ ನನ್ನನ್ನು ಹೂತರು. ಎಮ್ಮೆ ಗೆದ್ದವನಿಗೆ ಈ ಗತಿ. ಆದರೆ ಒಳಗೆ ಒಂಟಿಗಳು ಗಡಗಡ ನಡುಗಿ ಜೋಡಿಗೂಡಿದರು, ಕಷಾಯದ ಬಣ್ಣ ಇಳಿಯಿತು. ಮತ್ತೆ ಹೊರಗೆ ತೆಗೆದು ಒರೆಸಿಟ್ಟರು, ಬಣ್ಣ ಮೆಲ್ಲಗೆ ಏರಿತು. ಅಧ್ಯಕ್ಷೆ ತಲೆದೂಗಿದರು. ಸಮಿತಿಯ ಉಳಿದಿಬ್ಬರು ತಲಾ ಒಂದು ಕ್ಯಾಂಡಿ ತೆಗೆದುಕೊಂಡರು.

ಈಗ ಒತ್ತುವ ಪ್ರಯೋಗ. ಹಂಚಿನಾಳ ಸರ್ ತಮ್ಮ ಕುರ್ಚಿಯಲ್ಲಿ. ಅಧ್ಯಕ್ಷೆ ನೀಲಾಂಬಿಕೆಯ ಪಕ್ಕದಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡರು. ನೀಲಾಂಬಿಕೆ ನನ್ನನ್ನು ಅಡ್ಡ ಹಿಡಿದಳು. ಹೆಬ್ಬೆರಳನ್ನು ದಂಡದ ಮೇಲಿಟ್ಟಳು.

"ಸರ್" ಎಂದಳು, "ಒಂದು ವಿನಂತಿ. ಈ ಸಲ ಕಣ್ಣು ತೆರಕೊಂಡ ನೋಡ್ರಿ."

ಸರ್ ಮುಖ ಕೆಂಪೇರಿತು. ಹುಸೇನಸಾಬ್ ಬಕೆಟ್ಟಿನ ಕಡೆ ನೋಡಿದ. ಸರ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಹುಬ್ಬು ಹಣೆಗೇರಿಸಿ, ಕಣ್ಣನ್ನು ಎಷ್ಟು ಅಗಲ ತೆರೆಯಬಹುದೋ ಅಷ್ಟು ತೆರೆದರು. ಅಂಥ ಧೈರ್ಯವನ್ನು ನಾನು ಒಂದು ಎಮ್ಮೆಯಲ್ಲೂ ಕಂಡಿಲ್ಲ. ನೀಲಾಂಬಿಕೆ ಒತ್ತಿದಳು.

"ಕಪ್ಪಾತಲ್ರೀ" ಎಂದರು ಅಧ್ಯಕ್ಷೆ.

"ತಿಳಿ ಆತ್ರಿ" ಎಂದರು ಸರ್, ಕಣ್ಣು ಮಿಟುಕಿಸದೆ.

"ಹಂಚಿನಾಳ ಅವರ, ನನ್ನ ಕಣ್ಣ ಮುಂದ ಕಪ್ಪಾಗೇತಿ. ಈಗ ಸ್ವಲ್ಪ ಇಳದೈತಿ, ಖರೆ. ಆದ್ರ ಮೊದಲಿಗಿಂತ ಕಪ್ಪನ ಐತಿ."

"ಮೇಡಮ್, ನಾ ರೆಪ್ಪಿ ಬಡದಿಲ್ಲ. ಕಪ್ಪು ಎಳ್ಳಷ್ಟೂ ಬಂದಿಲ್ಲ. ಇದ್ದದ್ದು ತಿಳಿ ಆಗೇತಿ. ಬುಕ್ಕಿನ್ಯಾಗ ಇದ್ಧಂಗ."

ನೀಲಾಂಬಿಕೆಯ ಮುಖದ ಬೆಳಕು ಆರಿತು. ಕಣ್ಣು ತೆರೆದೂ ಅವರಿಗೆ ಕಪ್ಪು ಕಾಣಲಿಲ್ಲ. ನನ್ನ ಮಟ್ಟಿಗೂ ಅದು ಕಹಿ ಗಳಿಗೆ. ನನ್ನ ಭಯಕ್ಕೂ ಈ ಜಗಳಕ್ಕೂ ಸಂಬಂಧವಿಲ್ಲ ಎಂದರೆ ನನ್ನ ಅರ್ಧ ಕೀರ್ತಿಯೇ ಹೋಯಿತು. ನನ್ನನ್ನು ಕೇಳಿದ್ದರೆ ಕಾರಣ ಹೇಳುತ್ತಿದ್ದೆ, ಆದರೆ ಮೂತಿಗೆ ಟೋಪಿ ಹಾಕಿದ್ದರು.

"ನಿಮ್ಮ ಮುಖ್ಯಸ್ಥರಿಗೆ ಕಣ್ಣಿನ ತೊಂದ್ರಿ ಏನಾರ ಐತೇನ್ರಿ?" ಎಂದು ಅಧ್ಯಕ್ಷೆ ನೀಲಾಂಬಿಕೆಯನ್ನು ಕೇಳಿದರು.

ಹೌದೆಂದರೆ ಶಿಫಾರಸು ಹೋಯಿತು. ಇಲ್ಲ, ಸರ್ ಹೇಳಿದ್ದೇ ಸರಿ ಎಂದರೆ ಅಧ್ಯಕ್ಷೆಯ ಕಣ್ಣು, ತನ್ನ ಕಣ್ಣು, ಮಕ್ಕಳ ಮುಂದೆ ಹೇಳಿದ ಮಾತು ಎಲ್ಲ ಸುಳ್ಳು. ಅವಳು ದಂಡವನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಸರ್ ಇನ್ನೂ ಕಣ್ಣು ಅಗಲಿಸಿಕೊಂಡೇ ಕೂತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಅವಳು ಸರ್ ಅವರನ್ನು ನೋಡಿದಳು, ಅಧ್ಯಕ್ಷೆಯನ್ನು ನೋಡಿದಳು, ಇಬ್ಬರ ನಡುವೆ ಅಡ್ಡಡ್ಡ ಮಲಗಿದ್ದ ನನ್ನನ್ನು ನೋಡಿದಳು.

"ತೊಂದ್ರಿ ಏನಿಲ್ರಿ ಮೇಡಮ್. ಇಬ್ರೂ ಒಂಚೂರು ಜಾಗಾ ಬದಲ್ ಮಾಡ್ರಿ."

ಸರ್ ಮೊಣಕಾಲು ಹಿಡಿದುಕೊಂಡು ಎದ್ದು ಪಕ್ಕಕ್ಕೆ ಬಂದರು. ಅಧ್ಯಕ್ಷೆ ಕುರ್ಚಿಯಲ್ಲಿ ಕೂತು, ನನ್ನ ಮೂತಿಯ ಅಂಚಿನ ಖಾಲಿ ಜಾಗದಿಂದ ಒಳಗೆ ಇಣುಕಿದರು. ಅವರಿಗೆ ಸೂಜಿಯ ಭಯವಿರಲಿಲ್ಲ, ಯಾರ ಭಯವೂ ಇದ್ದಂತಿರಲಿಲ್ಲ. ನೀಲಾಂಬಿಕೆ ಒತ್ತಿದಳು.

"ಅಯ್ಯ, ಕಪ್ಪಾತು" ಎಂದರು ಹಂಚಿನಾಳ ಸರ್.

"ಇಲ್ರೀ, ತಿಳಿ ಆತು" ಎಂದರು ಅಧ್ಯಕ್ಷೆ.

ಲ್ಯಾಬಿನಲ್ಲಿ ಕ್ಯಾಂಡಿ ಚೀಪುವ ಸದ್ದೂ ನಿಂತಿತು.

"ನೀವ ಈಗ ತಿಳಿ ಅಂದಿದ್ರಿ" ಎಂದರು ಅಧ್ಯಕ್ಷೆ.

"ನೀವ ಈಗ ಕಪ್ಪು ಅಂದಿದ್ರಿ" ಎಂದರು ಸರ್.

ಮೊದಲು ನಕ್ಕವನು ಹುಸೇನಸಾಬ್. ನಗುವನ್ನು ಕೆಮ್ಮಾಗಿಸಲು ನೋಡಿದ, ಆಗಲಿಲ್ಲ. ಆಮೇಲೆ ಅಧ್ಯಕ್ಷೆ ನಕ್ಕರು. ಹಂಚಿನಾಳ ಸರ್ ಮಾತ್ರ ನಗಲಿಲ್ಲ. ಅವರು ನನ್ನನ್ನು ಪಕ್ಕದಿಂದ ನೋಡಿದರು, ಕತ್ತು ಚಾಚಿ ಮುಂದಿನಿಂದ ನೋಡಿದರು, ಮತ್ತೆ ಪಕ್ಕದಿಂದ. ಮೊಣಕಾಲು ನೋವು ಮರೆತೇಹೋಗಿತ್ತು. ಕೈಯನ್ನು ಅಗಲಿಸಿದರು, ಕುಗ್ಗಿಸಿದರು. ಹಾಗೆ ಯೋಚಿಸುವ ಮನುಷ್ಯನನ್ನು ನಾನು ಆ ಕಾಲೇಜಿನಲ್ಲಿ ಅಂದೇ ಕಂಡದ್ದು.

"ಬಸ್ ಸ್ಟ್ಯಾಂಡಿನ್ಯಾಗ ಪಾಳಿ ನಿಂತ ಹಂಗ್ರಿ ಇದು" ಎಂದರು ಕೊನೆಗೆ, ನಿಧಾನವಾಗಿ, ತಮಗೇ ಹೇಳಿಕೊಳ್ಳುವಂತೆ. "ಉದ್ದದ ಪಾಳಿನ ಅರ್ಧ ಜಾಗಕ್ಕ ಒತ್ತಿದ್ರ, ಪಕ್ಕದಿಂದ ನೋಡಾಂವಗ ಮಂದಿ ದಟ್ಟ ಆದಂಗ ಕಾಣ್ತಾರ. ಅದಕ್ಕ ಕಪ್ಪು. ಪಾಳಿ ಮುಂದ ನಿಂತು ಉದ್ದಕ್ಕ ನೋಡಾಂವಗ ಮಂದಿ ಅಷ್ಟ ಇದ್ದಾರ, ಜಾಸ್ತಿ ಆಗಿಲ್ಲ. ಆದ್ರ ಅವರೊಳಗ ಒಂದಿಷ್ಟು ಮಂದಿ ಜೋಡಿ ಆಗಿ ಮಾಯ ಆಗ್ತಾರ. ಅದಕ್ಕ ತಿಳಿ."

"ಪಕ್ಕದಾಂವಗೂ ಆ ಜೋಡಿ ಆದವರು ಮಾಯ ಆಗ್ತಾರ್ರಿ ಸರ್" ಎಂದಳು ನೀಲಾಂಬಿಕೆ. "ಅದಕ್ಕ ಕಪ್ಪಾದದ್ದು ಸ್ವಲ್ಪ ಇಳಿತೈತಿ. ಪೂರಾ ಇಳಿಯೂದಿಲ್ಲ, ಇಕ್ಕಟ್ಟು ಹಂಗ ಇರತೈತಲ್ರಿ."

ಸರ್ ನನ್ನನ್ನು ಇನ್ನೊಮ್ಮೆ ಪಕ್ಕದಿಂದ ನೋಡಿದರು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿದರು. "ಮೇಡಮ್, ನಮ್ಮ ಇಲಾಖೆಯೊಳಗ ಇದನ್ನ ಪೂರಾ ನೋಡಿದಾಕಿ ಇವರೊಬ್ರ. ಬರ್ಕೊಳ್ರಿ."

ಮಧ್ಯಾಹ್ನ ಮೇಜಿನ ಈ ತುದಿಯಿಂದ ಆ ತುದಿಗೆ ಎಣ್ಣೆಗಾಯಿಯ ಡಬ್ಬಿ ಜಾರಿ ಬಂತು. ನೀಲಾಂಬಿಕೆ ಒಂದು ಬದನೆಕಾಯಿ ತೆಗೆದುಕೊಂಡು ಕೇಳಿದಳು, "ಸರ್, ಕಣ್ಣು ತೆರದ್ರೂ ಮುಚ್ಚಿದ್ರೂ ನಿಮಗ ಅಲ್ಲಿಂದ ಕಪ್ಪು ಕಾಣ್ತಿದ್ದಿಲ್ಲ. ಸುಮ್ಮನ ಯಾಕ ತ್ರಾಸ ಮಾಡ್ಕೊಂಡು ತೆರದ್ರಿ?"

"ನೀವು ಕೇಳಿದ್ರಲ್ರೀ" ಎಂದರು ಸರ್, ರೊಟ್ಟಿ ಮುರಿಯುತ್ತ. "ಹುಚ್ಚನಾಯಿ ಕಡದಾಗ ನಮ್ಮವ್ವ ಸೈತ ಕೇಳಿದ್ಲು. ಆಗ ತೆರದಿದ್ದಿಲ್ಲ."

ಶಿಫಾರಸು ಅಂದೇ ಬರೆದರು. ನೀಲಾಂಬಿಕೆ ಮುಂದಿನ ವರ್ಷವೂ ಬಂದಳು, ಅದರ ಮುಂದಿನ ವರ್ಷವೂ. ಹಂಚಿನಾಳ ಸರ್ ನಿವೃತ್ತರಾದ ಮೇಲೆ ಇಡೀ ಇಲಾಖೆ ಅವಳ ತಲೆಯ ಮೇಲೆ ಬಿತ್ತು. ಇಲಾಖೆಯೆಂಬ ಮನೆಯ ಯಜಮಾನಿಕೆ ನಡೆಸುತ್ತಿದ್ದರೂ ಹಾಜರಿಯಲ್ಲಿ ಅವಳು ಇನ್ನೂ ಅತಿಥಿಯೇ. ಸರ್ಕಾರವನ್ನು ಎಷ್ಟು ಒತ್ತಿದರೂ ಕೆಲವು ಬಣ್ಣ ಬದಲಾಗುವುದಿಲ್ಲ. ಆ ಸರ್ಕಾರವನ್ನೂ ನನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ.

ನನಗೂ ವಯಸ್ಸಾಯಿತು. ಕಂದು ಅನಿಲ ರಬ್ಬರ್ ಟೋಪಿಗಳನ್ನು ಒಂದೊಂದಾಗಿ ತಿಂದು ಹಾಕಿತು. ಒಂದು ದಿನ ಹೊಸ ಟೋಪಿ ಸಿಕ್ಕಿಸುವಾಗ ಮೂತಿಯ ಅಂಚು ಚಿಟ್ಟೆಂದು ಸಿಡಿಯಿತು. ನನ್ನ ಪಟ್ಟಣವನ್ನು ಹೊಗೆ ಪೆಟ್ಟಿಗೆಯಲ್ಲಿ ಹೊರಬಿಟ್ಟರು. ಒಂಟಿಗಳು, ಜೋಡಿಗಳು ಎಲ್ಲರೂ ಕಿಟಕಿಯಾಚೆ ಕಮತಿಹಾಳದ ಗಾಳಿಯಲ್ಲಿ ಸೇರಿಹೋದರು. ವಿದಾಯ ಹೇಳಲು ಒಬ್ಬರೂ ನಿಲ್ಲಲಿಲ್ಲ. ನನ್ನ ಜಾಗಕ್ಕೆ ಯಾರು ಬಂದರು ಗೊತ್ತೇ? ಪ್ಲಾಸ್ಟಿಕ್. ಎಮ್ಮೆಯನ್ನೂ ಅದೇ ಕಸಿದುಕೊಂಡಿತು, ಅನಿಲವನ್ನೂ ಅದೇ ಕಸಿದುಕೊಂಡಿತು. ಆದರೆ ಅದರ ಮುಂದೆ ಕೂತ ಯಾರೂ ಕಣ್ಣು ಮುಚ್ಚುವುದಿಲ್ಲ ಎಂದು ಕೇಳಿದ್ದೇನೆ.

ಗುಜರಿಗೆ ಹೋಗಲಿದ್ದ ನನ್ನನ್ನು ಒಬ್ಬರು ಬಂದು ಕೇಳಿ ಪಡೆದರು. ಸಿರಿಂಜು ಕಂಡರೆ ಚಪ್ಪಲಿ ಬಿಟ್ಟು ಓಡುವ ಮನುಷ್ಯನೇ ನನ್ನನ್ನು ಪತ್ರಿಕೆಯಲ್ಲಿ ಸುತ್ತಿ, ಎದೆಗವಚಿಕೊಂಡು, ಆಟೋದಲ್ಲಿ ಮನೆಗೆ ಒಯ್ದ. ಈಗ ನಾನು ಹಂಚಿನಾಳ ಸರ್ ಮನೆಯ ಶೋಕೇಸಿನಲ್ಲಿ, ಶಂಖದ ಬೊಂಬೆಗೂ ಗಣೇಶನಿಗೂ ನಡುವೆ ಅಡ್ಡಡ್ಡ ಮಲಗಿದ್ದೇನೆ. ಮೂತಿ ಗೋಡೆಯ ಕಡೆಗೆ. ಅದನ್ನು ಅವರೇ ನೋಡಿಕೊಂಡು ಇಟ್ಟದ್ದು.

ದಿನಾ ಬೆಳಿಗ್ಗೆ ಅವರು ಬಟ್ಟೆ ಹಿಡಿದು ಬರುತ್ತಾರೆ. ನನ್ನನ್ನು ಎತ್ತಿ ಒರೆಸಿ ಪಕ್ಕದಿಂದ ನೋಡುತ್ತಾರೆ. ಒಂದು ಉಸಿರು ಎಳೆದುಕೊಳ್ಳುತ್ತಾರೆ. ಆಮೇಲೆ ನನ್ನ ಮೂತಿಯನ್ನು ಮೆಲ್ಲಗೆ ತಮ್ಮ ಕಡೆಗೇ ತಿರುಗಿಸಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ತೆರೆದು ಒಳಗೆ ನೋಡುತ್ತಾರೆ.

"ಏನ್ರಿ, ಅದರಾಗ ಅಂಥಾದ್ದೇನು ಕಾಣತೈತಿ?" ಎಂದು ಅಡುಗೆಮನೆಯಿಂದ ಅವರ ಹೆಂಡತಿ ಕೇಳುತ್ತಾರೆ. "ಚಾ ಆರಾಕತ್ತೈತಿ."

"ಏನೂ ಇಲ್ಲ" ಎನ್ನುತ್ತಾರೆ ಸರ್. "ಎರಡೂ ಕಡಿಂದ ನೋಡೇನಿ."

ಜಿಲ್ಲೆಯ ಎಮ್ಮೆಗಳನ್ನೆಲ್ಲ ಓಡಿಸಿದವನು ನಾನು. ಋತುವನ್ನೇ ಬದಲಿಸಿದವನು ನಾನು. ಆದರೂ ನನ್ನ ಮುಂದೆ ದಿನಾ ಎರಡು ಕಣ್ಣು ತೆರೆದು ನಿಲ್ಲುವ ಈ ಮನುಷ್ಯನ ಎದುರು, ನಿಜ ಹೇಳಬೇಕೆಂದರೆ, ಸ್ವಲ್ಪ ಅಂಜಿಕೆಯಾಗುವುದು ನನಗೇ.